ವಕೀಲರ ಫೀ ಯಾರು ಕೊಡಬೇಕು?

(ಲಸಿಕೆಯಿಂದಾದ ಹಾನಿಯ ಪರಿಹಾರವನ್ನು ಕುರಿತು ಒಂದು ವಿಚಾರ)

— ಅಂತಿಮ ಬಿ. ಎ. ವಿದ್ಯಾರ್ಥಿ

"ಗೆದ್ದವ ಸೋತ, ಸೋತವ ಸತ್ತ" ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಕೋರ್ಟಿನ ಮಾತು ಬಂದಾಗಲೆಲ್ಲ ಕೇಳಿಬರುತ್ತದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಆದರೆ ಕೋರ್ಟಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲೇ ಇದ್ದರು. ನಮ್ಮ ಅಜ್ಜ ಬದುವಿನ ವ್ಯಾಜ್ಯವೊಂದನ್ನು ಹನ್ನೊಂದು ವರ್ಷ ನಡೆಸಿ ಗೆದ್ದರು. ಗೆದ್ದ ಬದು ಎರಡು ಮೊಳ. ಮಾರಿದ ಎತ್ತು ಎರಡು. ಆದುದರಿಂದ ನಮ್ಮ ಮನೆಯಲ್ಲಿ ಆ ಗಾದೆಯನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಈ ಲೇಖನ ಹುಟ್ಟಿದ್ದು ಬದುವಿನ ವ್ಯಾಜ್ಯದಿಂದಲ್ಲ, ಒಂದು ಕೂಸಿನ ಜ್ವರದಿಂದ. ನನ್ನ ಅಕ್ಕನನ್ನು ಹರಪನಹಳ್ಳಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಅವಳ ಮೊದಲ ಮಗುವಿಗೆ ಲಸಿಕೆ ಹಾಕಿಸಿಕೊಂಡು ಬಂದ ರಾತ್ರಿ ವಿಪರೀತ ಜ್ವರ ಏರಿ, ಬೆಳಗಿನ ಜಾವ ಫಿಟ್ಸು ಬಂದವು. ಮಗುವನ್ನೆತ್ತಿಕೊಂಡು ಊರಿಂದೂರಿಗೆ ಓಡಿದ್ದಾಯಿತು. ದೇವರ ದಯೆ, ವೈದ್ಯರ ಶ್ರಮ, ಮಗು ನಾಲ್ಕೇ ದಿನಗಳಲ್ಲಿ ಚೇತರಿಸಿಕೊಂಡಿತು. ಈಗ ಅಂಗನವಾಡಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುವವನು ಅವನೇ. ಜ್ವರದಿಂದ ಬರುವ ಇಂಥ ಫಿಟ್ಸು ಸಾಮಾನ್ಯವಾಗಿ ಶಾಶ್ವತ ಹಾನಿ ಮಾಡದೆ ಹೋಗುತ್ತವೆಂದು ವೈದ್ಯರು ಸಮಾಧಾನ ಹೇಳಿದರು. ಆದರೆ ಅದಾಗಲೇ ಮನೆಯವರ ಎದೆ ಒಡೆದಿತ್ತು, ಕೈಯಲ್ಲಿದ್ದ ಹಣ ಕರಗಿತ್ತು.

ಆಗ ನೆಂಟರೊಬ್ಬರು "ಕೇಸು ಹಾಕಿರಿ" ಎಂದರು. ಭಾವನೊಂದಿಗೆ ನಾನೂ ತಾಲೂಕು ಸ್ಥಳದ ವಕೀಲರೊಬ್ಬರಲ್ಲಿಗೆ ಹೋದೆ. ಕಾಗದ ಓದಬಲ್ಲವನೆಂದು ನನ್ನನ್ನು ಕರೆದುಕೊಂಡು ಹೋಗುವುದು ನಮ್ಮಲ್ಲಿ ವಾಡಿಕೆ. ವಕೀಲರು ನಮ್ಮ ಮಾತು ಕೇಳಿ, "ಈಗ ಏನೂ ಕೊಡಬೇಡಿ, ಬಂದುದರಲ್ಲಿ ನೂರಕ್ಕೆ ಮೂವತ್ತು ನನಗೆ" ಎಂದರು. ಭಾವನಿಗೆ ಆ ವಕೀಲರು ಧರ್ಮಾತ್ಮರಂತೆ ಕಂಡರು. ನನಗೂ ಹಾಗೆಯೇ ಕಂಡಿತು. ಮಗು ಗುಣವಾದ ಮೇಲೆ ಕೇಸಿನ ಮಾತು ಅಲ್ಲಿಗೇ ನಿಂತಿತು. ಆದರೆ ನನ್ನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಉಳಿದವು. ಒಂದು ವೇಳೆ ಮಗು ಗುಣವಾಗದೆ ಇದ್ದಿದ್ದರೆ ನಾವು ಯಾರ ಮೇಲೆ ಕೇಸು ಹಾಕುತ್ತಿದ್ದೆವು? ಜೀವಮಾನವೆಲ್ಲ ಆರೈಕೆ ಬೇಕಾದ ಕೂಸಿಗೆ ಬಂದ ಹಣದಲ್ಲಿ ಮೂವತ್ತು ಪಾಲು ಕಳೆದರೆ ಆ ಕೊರತೆಯನ್ನು ತುಂಬುವವರು ಯಾರು?

ಈ ಪ್ರಶ್ನೆಗಳ ಬೆನ್ನು ಹತ್ತಿ ಗ್ರಂಥಾಲಯದಲ್ಲಿ ಓದಿದುದನ್ನೂ, ತಿಳಿದವರನ್ನು ಕೇಳಿದುದನ್ನೂ ಸಹಪಾಠಿಗಳ ಮುಂದಿಡುತ್ತಿದ್ದೇನೆ. ನಾನು ಕಾನೂನಿನ ವಿದ್ಯಾರ್ಥಿಯಲ್ಲ. ತಪ್ಪಿದ್ದರೆ ಅಧ್ಯಾಪಕ ವರ್ಗದವರು ತಿದ್ದಬೇಕಾಗಿ ಬಿನ್ನಹ.

೧. ಲಸಿಕೆಯ ಉಪಕಾರ, ಲಸಿಕೆಯ ಅಪಾಯ

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಲಸಿಕೆ ಬೇಡವೆಂದು ವಾದಿಸುವುದಕ್ಕೆ ಈ ಲೇಖನವನ್ನು ಬರೆದಿಲ್ಲ. ಸಿಡುಬೆಂಬ ಮಾರಿ ೧೯೮೦ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾದುದು ಲಸಿಕೆಯ ಬಲದಿಂದ. ನಮ್ಮ ದೇಶದ ಕೊನೆಯ ಪೋಲಿಯೋ ಪ್ರಕರಣ ೨೦೧೧ರ ಜನವರಿಯದು. ೨೦೧೪ರ ಮಾರ್ಚ್ ೨೭ರಂದು ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ನಮ್ಮ ಊರಿನಲ್ಲಿ ಕೋಲೂರಿಕೊಂಡು ನಡೆಯುವ ಹಿರಿಯರನ್ನು ಕಂಡಾಗ ಈ ಅಂಕಿಗಳ ಬೆಲೆ ನಮಗೆ ತಿಳಿಯುತ್ತದೆ.

ಆದರೆ ಕೋಟ್ಯಂತರ ಜನಕ್ಕೆ ಒಂದೇ ಔಷಧವನ್ನು ಕೊಟ್ಟಾಗ ಎಲ್ಲೋ ಒಬ್ಬಿಬ್ಬರಿಗೆ ಅದು ಒಗ್ಗದೆ ಹೋಗುವುದುಂಟು. ಅಮೆರಿಕದ ಪರಿಹಾರ ಯೋಜನೆಯವರು ಕೊಡುವ ಲೆಕ್ಕದ ಪ್ರಕಾರ ಅಲ್ಲಿ ಹಂಚಿದ ಪ್ರತಿ ಹತ್ತು ಲಕ್ಷ ಡೋಸುಗಳಿಗೆ ಸುಮಾರು ಒಬ್ಬರು ಪರಿಹಾರ ಪಡೆದಿದ್ದಾರೆ. ಹತ್ತು ಲಕ್ಷಕ್ಕೆ ಒಂದು ಎಂದರೆ ದೇಶಕ್ಕೆ ಅದು ಅಲ್ಪ. ಆದರೆ ಆ ಒಂದು ಯಾರ ಮನೆಯದೋ ಆ ಮನೆಗೆ ಅದು ನೂರಕ್ಕೆ ನೂರು.

ಹಾನಿಯಲ್ಲಿ ಎರಡು ಬಗೆ. ಮೊದಲನೆಯದು ಮನುಷ್ಯನ ಕೈತಪ್ಪಿನಿಂದ ಆಗುವುದು. ೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ೧೦೭ ಜನರಿಗೆ ಪ್ಲೇಗಿನ ಲಸಿಕೆ ಹಾಕಿದರು. ಅವರಲ್ಲಿ ೧೯ ಜನ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತೂ ಜನರಿಗೆ ಹಾಕಿದ್ದ ಔಷಧ ಒಂದೇ ಬಾಟಲಿಯದು. ಲಸಿಕೆಯನ್ನು ಕಂಡುಹಿಡಿದ ಹಾಫ್ಕಿನ್ ಸಾಹೇಬರ ಮೇಲೆ ಆರೋಪ ಬಂದು ಅವರು ಹುದ್ದೆ ಕಳೆದುಕೊಂಡರು. ದೋಷ ಅವರದಲ್ಲ, ಬಾಟಲಿ ತೆರೆಯುವಾಗ ಹಳ್ಳಿಯಲ್ಲಿ ಆದುದು ಎಂಬ ನಿರ್ಣಯವಾಗಿ ಅವರ ಹೆಸರಿಗೆ ಅಂಟಿದ ಕಳಂಕ ತೊಲಗಿದ್ದು ೧೯೦೭ರಲ್ಲಿ. ಇದೇ ಹಾಫ್ಕಿನ್ ಲಸಿಕೆಯನ್ನು ೧೮೯೮ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಿದ್ದರು. ವಿದ್ವಾಂಸರಾದ ಹಾಫ್ಕಿನ್ನರಿಗೆ ನ್ಯಾಯ ದೊರೆಯಲು ಐದು ವರ್ಷ ಬೇಕಾಯಿತು. ಅವರ ಪರವಾಗಿ ಪತ್ರಿಕೆಗಳಿಗೆ ಬರೆಯುವ ದೊಡ್ಡ ದೊಡ್ಡ ವಿಜ್ಞಾನಿಗಳಿದ್ದರು. ಹಳ್ಳಿಯ ಒಕ್ಕಲಿಗನಿಗೆ ಅಂಥವರು ಯಾರಿದ್ದಾರೆ?

ಅಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ. ೨೦೨೨ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಶಿಶುಗಳು ತೀರಿಕೊಂಡವು. ಲಸಿಕೆಯನ್ನು ಇಟ್ಟ ಮತ್ತು ಹಾಕಿದ ರೀತಿಯಲ್ಲಿ ಲೋಪವಾಯಿತೆಂದು ವರದಿಗಳು ಬಂದವು, ಸಿಬ್ಬಂದಿ ಅಮಾನತಾದರು, ತನಿಖೆಗೆ ಆಜ್ಞೆಯಾಯಿತು.

ಎರಡನೆಯ ಬಗೆಯ ಹಾನಿಯಲ್ಲಿ ಯಾರದೂ ತಪ್ಪಿರುವುದಿಲ್ಲ. ಲಸಿಕೆ ಶುದ್ಧ, ಸೂಜಿ ಶುದ್ಧ, ದಾದಿಯ ಕೈ ಶುದ್ಧ. ಆದರೂ ಆ ಒಂದು ದೇಹ ಅದನ್ನು ತಾಳಲಿಲ್ಲ. ಇಲ್ಲಿಯೇ ಕಾನೂನಿನ ಗಂಟು ಇರುವುದು.

೨. ನಮ್ಮ ದೇಶದ ದಾರಿ

ಕೋವಿಡ್ ಲಸಿಕೆಯ ಬಳಿಕ ತಮ್ಮ ಹೆಣ್ಣುಮಕ್ಕಳನ್ನು ಕಳೆದುಕೊಂಡ ಎರಡು ಕುಟುಂಬದ ತಂದೆತಾಯಿಗಳು ೨೦೨೧ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ೨೦೨೨ರ ನವೆಂಬರಿನಲ್ಲಿ ಕೇಂದ್ರ ಸರಕಾರ ತನ್ನ ಉತ್ತರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಿತು. ಅದರ ಸಾರಾಂಶ ಇಷ್ಟು: ಲಸಿಕೆ ಹಾಕಿಸಿಕೊಳ್ಳುವುದು ಸ್ವಂತ ಇಚ್ಛೆ, ಸರಕಾರದ ಮೇಲೆ ನೇರ ಹೊಣೆ ಹೊರಿಸಲಾಗದು, ಹಾನಿಯಾದವರು ನಿರ್ಲಕ್ಷ್ಯ ಮೊದಲಾದ ಕಾರಣಗಳ ಮೇಲೆ ಸಿವಿಲ್ ಕೋರ್ಟಿಗೆ ಹೋಗಬಹುದು, ಅಲ್ಲಿ ಒಂದೊಂದು ಪ್ರಕರಣವೂ ಬೇರೆಬೇರೆಯಾಗಿ ತೀರ್ಮಾನವಾಗುತ್ತದೆ.

ಈ ಮಾತನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳ ಒಬ್ಬ ಕೂಲಿಕಾರನ ಕಣ್ಣಿನಿಂದ ನೋಡೋಣ. ಮಳೆ ಬಂದರೆ ಶೇಂಗಾ, ಮೆಕ್ಕೆಜೋಳ. ಬಾರದಿದ್ದರೆ ಕಬ್ಬು ಕಡಿಯಲು, ಕಟ್ಟಡ ಕಟ್ಟಲು ಗುಳೆ. ಇಂಥವನಿಗೆ "ಸಿವಿಲ್ ಕೋರ್ಟಿಗೆ ಹೋಗಬಹುದು" ಎಂದರೆ, ಈಜು ಬಾರದವನಿಗೆ ತುಂಗಭದ್ರೆಯ ಆಚೆ ದಡದಲ್ಲಿ ಊಟ ಬಡಿಸಿಟ್ಟಿದೆ ಎಂದಂತೆ.

ಅವನ ಮುಂದಿರುವ ತೊಡಕುಗಳು ಮೂರು. ಮೊದಲನೆಯದಾಗಿ, ಸಿವಿಲ್ ಕೋರ್ಟಿನಲ್ಲಿ ಯಾರದಾದರೂ ತಪ್ಪನ್ನು ರುಜುವಾತು ಮಾಡಬೇಕು. ಯಾರೂ ತಪ್ಪು ಮಾಡದ ಎರಡನೆಯ ಬಗೆಯ ಹಾನಿಯಲ್ಲಿ ಪ್ರತಿವಾದಿಯೇ ಇಲ್ಲ. ಎರಡನೆಯದಾಗಿ, ಸುಲಭವಾದ ಗ್ರಾಹಕರ ನ್ಯಾಯಾಲಯದ ಬಾಗಿಲು ಅವನಿಗೆ ಮುಚ್ಚಿದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರಕಾರಿ ಆಸ್ಪತ್ರೆಯ ಸೇವೆ ಗ್ರಾಹಕ ಕಾಯಿದೆಯ ಅರ್ಥದಲ್ಲಿ ಸೇವೆಯಲ್ಲವೆಂದು ಸುಪ್ರೀಂ ಕೋರ್ಟು ೧೯೯೫ರಲ್ಲಿ ಹೇಳಿದೆ. ಹಣ ಕೊಟ್ಟು ಖಾಸಗಿ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿಕೊಂಡವನು ಅಲ್ಲಿಗೆ ಹೋಗಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿಕೊಂಡವನು ಹೋಗಲಾರ. ಮೂರನೆಯದಾಗಿ, ವಕೀಲರ ಫೀ.

ಮೊದಲ ಎರಡು ತೊಡಕುಗಳನ್ನು ಕುರಿತು ಪತ್ರಿಕೆಗಳು ಆಗಾಗ್ಗೆ ಬರೆಯುತ್ತವೆ. ಮೂರನೆಯದನ್ನು ಕುರಿತು ಬರೆಯುವವರು ವಿರಳ. ಹಕ್ಕು ಎಷ್ಟೇ ದೊಡ್ಡದಿರಲಿ, ಅದನ್ನು ಕೋರ್ಟಿನ ಭಾಷೆಯಲ್ಲಿ ಹೇಳುವವರು ಬೇಕು. ಹೇಳುವವರು ಉಪವಾಸವಿದ್ದು ಹೇಳಲಾರರು. ಹೀಗಾಗಿ ಫೀಯ ಪ್ರಶ್ನೆಯನ್ನು ಬಿಡಿಸದ ಹೊರತು ಉಳಿದ ಹಕ್ಕುಗಳೆಲ್ಲ ಕಾಗದದ ಮೇಲಿನ ಕಲ್ಲುಸಕ್ಕರೆಯೇ ಸರಿ.

೩. ನೂರಕ್ಕೆ ಮೂವತ್ತು

ನಮಗೆ ಧರ್ಮವೆಂದು ತೋರಿದ ಆ "ನೂರಕ್ಕೆ ಮೂವತ್ತು" ಕಾನೂನಿಗೆ ವಿರುದ್ಧವೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ವ್ಯಾಜ್ಯದ ಫಲವನ್ನು ಅವಲಂಬಿಸಿದ ಫೀಯನ್ನು ವಕೀಲರು ಗೊತ್ತುಮಾಡಿಕೊಳ್ಳಬಾರದು, ಬಂದ ಹಣದಲ್ಲಿ ಪಾಲು ಪಡೆಯಲು ಒಪ್ಪಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿದೆ. ರಸ್ತೆ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ತೆಲಂಗಾಣದ ಹೆಣ್ಣುಮಗಳೊಬ್ಬಳ ಮೊಕದ್ದಮೆಯಲ್ಲಿ ೨೦೧೭ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದೇ ಮಾತನ್ನು ಗಟ್ಟಿಯಾಗಿ ಹೇಳಿತು. ಅವಳ ವಕೀಲರು ಪರಿಹಾರದ ಹಣದಲ್ಲಿ ಶೇಕಡಾವಾರು ಪಾಲು ಕೇಳಿ, ಅವಳಿಂದ ಚೆಕ್ಕು ಬರೆಸಿಕೊಂಡು, ಅದು ನಡೆಯದಾಗ ಅವಳ ಮೇಲೆಯೇ ಕ್ರಿಮಿನಲ್ ಫಿರ್ಯಾದು ಹೂಡಿದ್ದರು. ನ್ಯಾಯಾಲಯ ಆ ಫಿರ್ಯಾದನ್ನು ವಜಾ ಮಾಡಿ, ಇಂಥ ಪಾಲಿನ ಕರಾರು ಸಾರ್ವಜನಿಕ ನೀತಿಗೆ ವಿರುದ್ಧ, ವೃತ್ತಿಗೆ ಸಲ್ಲದ ನಡತೆ ಎಂದಿತು.

ನಿಯಮ ಒಳ್ಳೆಯದೇ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಪಾಲು ಕೂಡದೆಂದರೆ ಮುಂಗಡ ಕೊಡಬೇಕು. ಮುಂಗಡ ಕೊಡಲು ಶಕ್ತಿಯಿಲ್ಲದವನು ಎಲ್ಲಿಗೆ ಹೋಗಬೇಕು? ಒಂದು ಬಾಗಿಲು ಮುಚ್ಚುವಾಗ ಇನ್ನೊಂದನ್ನು ತೆರೆಯದಿದ್ದರೆ, ನಿಯಮವನ್ನು ಮುರಿಯುವ ವಕೀಲರೇ ಬಡವನಿಗೆ ಗತಿಯಾಗುತ್ತಾರೆ. ನಮ್ಮ ಭಾವನ ದೃಷ್ಟಿಯಲ್ಲಿ ಆದುದು ಅದೇ.

ಗೆದ್ದವನ ಖರ್ಚನ್ನು ಸೋತವನು ಕೊಡಬೇಕೆಂಬ ನಿಯಮ ನಮ್ಮ ಸಿವಿಲ್ ಸಂಹಿತೆಯ ೩೫ನೆಯ ಕಲಮಿನಲ್ಲಿ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ ನಿಜ. ಆದರೆ ಡಿಕ್ರಿಯಲ್ಲಿ ಬರೆಯುವ ವಕೀಲರ ಫೀ ಪಟ್ಟಿಯ ಪ್ರಕಾರದ್ದು; ಕಕ್ಷಿಗಾರನು ನಿಜವಾಗಿ ಕೊಟ್ಟದ್ದಕ್ಕೂ ಅದಕ್ಕೂ ಅಜಗಜಾಂತರ. ಬೇಕೆಂದೇ ಸುಳ್ಳು ತಕರಾರು ಹೂಡಿದವನಿಗೆ ಹಾಕಬಹುದಾದ ಪರಿಹಾರ ಖರ್ಚಿಗೆ ೩೫-ಎ ಕಲಮು ೩,೦೦೦ ರೂಪಾಯಿಗಳ ಮಿತಿಯನ್ನಿಟ್ಟಿತು. ಖರ್ಚೆಂದರೆ ನಿಜವಾಗಿ ಆದ, ಯುಕ್ತವಾದ ಖರ್ಚಾಗಿರಬೇಕು. ಪ್ರಯಾಣ, ವಸತಿ, ವಕೀಲರ ಫೀ ಎಲ್ಲ ಅದರಲ್ಲಿ ಸೇರಬೇಕು ಎಂದು ೨೦೦೫ರಲ್ಲಿ ಸುಪ್ರೀಂ ಕೋರ್ಟು ತಿಳಿಸಿತು. ೨೦೧೫ರ ಕಾಯಿದೆಯಲ್ಲಿ ದೊಡ್ಡ ವಾಣಿಜ್ಯ ವ್ಯಾಜ್ಯಗಳಿಗೆ ಇಂಥ ವಾಸ್ತವ ಖರ್ಚಿನ ಏರ್ಪಾಟೂ ಆಯಿತು. ಸಾಹುಕಾರರ ವ್ಯಾಪಾರಕ್ಕೆ ಒದಗಿದ ಈ ಅನುಕೂಲ ಕೂಸಿನ ಆರೈಕೆಯ ದಾವೆಗೆ ಒದಗಲಿಲ್ಲ. ಅದು ಒದಗಿದರೂ ಗೆದ್ದ ಮೇಲಿನ ಮಾತು. ಗೆಲ್ಲುವ ತನಕ ಯಾರ ಹಣದಿಂದ ನಡೆಯಬೇಕು?

೪. ಅಮೆರಿಕದ ಏರ್ಪಾಟು

ಈ ಪ್ರಶ್ನೆಗೆ ಬೇರೆ ದೇಶದವರು ಏನು ಉತ್ತರ ಕಂಡುಕೊಂಡರೆಂದು ಹುಡುಕುವಾಗ ಅಮೆರಿಕದ ೧೯೮೬ರ ಕಾಯಿದೆ ಕಣ್ಣಿಗೆ ಬಿತ್ತು. ಅಲ್ಲಿ ಅದಕ್ಕೆ ಹಿಂದಿನ ವರ್ಷಗಳಲ್ಲಿ ನಾಯಿಕೆಮ್ಮು ಮೊದಲಾದುವುಗಳ ಲಸಿಕೆ ತಯಾರಿಸುವ ಕಂಪನಿಗಳ ಮೇಲೆ ದಾವೆಗಳ ಮಳೆಯೇ ಸುರಿಯಿತು. ಕೆಲವು ಕಂಪನಿಗಳು ತಯಾರಿಕೆಯನ್ನೇ ಬಿಟ್ಟವು. ಲಸಿಕೆಯ ಕೊರತೆಯ ಭಯ ತಲೆದೋರಿತು. ಇತ್ತ ಹಾನಿಗೊಂಡ ಮಕ್ಕಳ ತಂದೆತಾಯಿಗಳಿಗೂ ವರ್ಷಾನುಗಟ್ಟಲೆ ಅಲೆದಾಟ. ಎರಡೂ ಕಡೆಯ ಕಷ್ಟಕ್ಕೆ ಒಂದು ಮದ್ದೆಂಬಂತೆ ಆ ಕಾಯಿದೆ ಬಂತು. ೧೯೮೮ರ ಅಕ್ಟೋಬರ್ ೧ರಿಂದ ಕೆಲಸಕ್ಕೆ ತೊಡಗಿತು.

ಅದರ ಕ್ರಮ ಹೀಗಿದೆ. ಮಾರಾಟವಾಗುವ ಲಸಿಕೆಯ ಪ್ರತಿ ಡೋಸಿನ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೆ ೭೫ ಸೆಂಟುಗಳ ತೆರಿಗೆ. ಮೂರು ರೋಗ ತಡೆಯುವ ಲಸಿಕೆಗೆ ಎರಡೂಕಾಲು ಡಾಲರು. ಈ ಹಣವೆಲ್ಲ ಒಂದು ನಿಧಿಗೆ ಸೇರುತ್ತದೆ. ಹಾನಿಗೊಂಡವರು ಕಂಪನಿಯ ತಪ್ಪನ್ನು ತೋರಿಸಬೇಕಿಲ್ಲ. ಯಾವ ಲಸಿಕೆಯಿಂದ ಎಷ್ಟು ದಿನದೊಳಗೆ ಯಾವ ಹಾನಿ ಕಾಣಬಹುದೆಂಬ ಪಟ್ಟಿಯೊಂದಿದೆ. ಅದಕ್ಕೆ ಹೊಂದಿದರೆ ಲಸಿಕೆಯೇ ಕಾರಣವೆಂದು ಊಹಿಸುತ್ತಾರೆ, ಹೊಂದದಿದ್ದರೆ ಬೇರೆ ಸಾಕ್ಷ್ಯದಿಂದ ತೋರಿಸಬೇಕು. ಅರ್ಜಿಗಳನ್ನು ವಿಚಾರಿಸಲು ವಿಶೇಷ ಅಧಿಕಾರಿಗಳಿದ್ದಾರೆ. ರೋಗಲಕ್ಷಣ ಕಂಡ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ಸಾವಿಗೆ ೨,೫೦,೦೦೦ ಡಾಲರುಗಳ ಪರಿಹಾರ ಗೊತ್ತಾಗಿದೆ. ಪ್ರಾರಂಭದಿಂದ ಈವರೆಗೆ ೫೦೦ ಕೋಟಿ ಡಾಲರಿಗೂ ಮಿಕ್ಕಿ ಹಣ ಈ ನಿಧಿಯಿಂದ ಸಂದಿದೆ.

ಈಗ ಫೀಯ ವಿಚಾರಕ್ಕೆ ಬರೋಣ. ಆ ಕಾಯಿದೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದ ಭಾಗ ಇದು. ಅರ್ಜಿದಾರನು ಗೆದ್ದರೆ ಅವನ ವಕೀಲರ ಯುಕ್ತವಾದ ಫೀಯನ್ನೂ ಇತರ ಖರ್ಚನ್ನೂ ನಿಧಿಯಿಂದ ಕೊಡಲೇಬೇಕು. ಸೋತರೂ, ಅರ್ಜಿಯನ್ನು ಪ್ರಾಮಾಣಿಕ ಬುದ್ಧಿಯಿಂದ ಹಾಕಿದ್ದು, ಅದಕ್ಕೆ ಯುಕ್ತವಾದ ಆಧಾರವಿದ್ದಿತೆಂದು ಅಧಿಕಾರಿಗೆ ತೋರಿದರೆ ಕೊಡಬಹುದು. ಫೀ ಬರುವುದು ಪರಿಹಾರದ ಮೊತ್ತದಿಂದಲ್ಲ, ಅದಕ್ಕೆ ಪ್ರತ್ಯೇಕವಾಗಿ. ಇದಲ್ಲದೆ ವಕೀಲರು ಕಕ್ಷಿಗಾರನಿಂದ ಬೇರೆ ಏನನ್ನೂ ವಸೂಲು ಮಾಡಕೂಡದು. ಎಂದರೆ, ಕೂಸಿಗೆ ಬಂದುದು ಕೂಸಿಗೇ ಉಳಿಯುತ್ತದೆ. ನೂರಕ್ಕೆ ನೂರು.

ಹಾಗೆಂದು ವಕೀಲರು ಬರೆದಷ್ಟನ್ನೂ ಕೊಟ್ಟುಬಿಡುವುದಿಲ್ಲ. ಎಷ್ಟು ಗಂಟೆ ದುಡಿದರೆಂಬ ಲೆಕ್ಕವನ್ನು ಅವರು ದಿನದಿನವೂ ಬರೆದಿಡಬೇಕು. ಯುಕ್ತವಾದ ಗಂಟೆಗಳನ್ನು ಯುಕ್ತವಾದ ದರದಿಂದ ಗುಣಿಸಿದರೆ ಫೀ. ಈ ಕ್ರಮವನ್ನು ೨೦೦೮ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು. ಒಂದು ಗಂಟೆಯಲ್ಲಿ ಮುಗಿಯುವ ಕಾಗದಕ್ಕೆ ಆರು ಗಂಟೆ ಬರೆದಿದ್ದರೆ ಅಧಿಕಾರಿ ಐದನ್ನು ಹೊಡೆದು ಹಾಕುತ್ತಾನೆ. ನಮ್ಮ ಅಣ್ಣಂದಿರು ಟ್ರ್ಯಾಕ್ಟರಿನ ಬಾಡಿಗೆಯನ್ನು ಗಂಟೆಯ ಮೇಲೆ ಕೊಟ್ಟು, ಪಕ್ಕದಲ್ಲೇ ಗಡಿಯಾರ ಹಿಡಿದು ನಿಲ್ಲುವುದಿಲ್ಲವೆ? ಹಾಗೆಯೇ ಇದು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಪ್ರಕರಣಗಳು ವರ್ಷಗಟ್ಟಲೆ ನಡೆಯುವುದರಿಂದ ಕೊನೆಯ ತೀರ್ಮಾನಕ್ಕೆ ಮುಂಚೆಯೇ ಮಧ್ಯಂತರ ಫೀಯನ್ನು ಕೊಡುವುದಕ್ಕೂ ಕಾಯಿದೆಯಲ್ಲಿ ಅವಕಾಶವುಂಟು.

೨೦೧೩ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಸೂಕ್ಷ್ಮವಾದ ಪ್ರಶ್ನೆಯೊಂದು ಬಂತು. ಮಹಿಳೆಯೊಬ್ಬರು ಕಾಮಾಲೆಯ ಲಸಿಕೆ ಹಾಕಿಸಿಕೊಂಡು ಕೆಲವು ವರ್ಷಗಳ ಬಳಿಕ ನರರೋಗದ ಕಾರಣದಿಂದ ಅರ್ಜಿ ಹಾಕಿದರು. ಅವಧಿ ಮೀರಿತ್ತೆಂದು ಅರ್ಜಿ ವಜಾ ಆಯಿತು. ಹೊತ್ತು ಮೀರಿ ಬಂದ ಅರ್ಜಿಗೂ ವಕೀಲರ ಫೀ ಉಂಟೆ ಎಂಬುದೇ ಪ್ರಶ್ನೆ. ಪ್ರಾಮಾಣಿಕತೆಯೂ ಆಧಾರವೂ ಇದ್ದರೆ ಉಂಟು ಎಂದು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಹಾಗಲ್ಲದಿದ್ದರೆ ತುಸು ಅನುಮಾನವಿರುವ ಯಾವ ಪ್ರಕರಣವನ್ನೂ ವಕೀಲರು ಮುಟ್ಟಲಾರರೆಂಬುದು ನಮಗೂ ಹೊಳೆಯುವ ಸಂಗತಿ.

ಅಮೆರಿಕದಲ್ಲಿ ಎಲ್ಲವೂ ಸರಿಯಾಗಿದೆಯೆಂದು ನಾನು ಹೇಳಲಾರೆ. ಅಲ್ಲಿಯೇ ಇನ್ನೊಂದು ಯೋಜನೆಯೂ ಇದೆ. ೨೦೦೫ರ ಕಾಯಿದೆಯೊಂದರಿಂದ ಹುಟ್ಟಿದ್ದು. ಕೋವಿಡ್ ಲಸಿಕೆಯ ಹಾನಿಯ ಅರ್ಜಿಗಳು ಹೋದುದು ಆ ಯೋಜನೆಗೆ. ಅದರಲ್ಲಿ ಅರ್ಜಿಯ ಅವಧಿ ಒಂದೇ ವರ್ಷ. ವಕೀಲರ ಫೀ ಕೊಡುವ ಏರ್ಪಾಟಿಲ್ಲ. ಒಂದೇ ದೇಶ, ಒಂದೇ ಬಗೆಯ ಹಾನಿ. ಒಬ್ಬನ ಪಕ್ಕದಲ್ಲಿ ವಕೀಲರು ನಿಂತಿರುತ್ತಾರೆ, ಇನ್ನೊಬ್ಬನು ಅರ್ಜಿಯ ನಮೂನೆಯನ್ನು ತಾನೇ ತುಂಬುತ್ತ ಕೂರಬೇಕು. ಪರಿಹಾರ ಯೋಜನೆ ಇರುವುದಷ್ಟೇ ಸಾಲದು, ಅದರೊಳಗೆ ಫೀಯ ಕಲಮೂ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

೫. ನಮ್ಮಲ್ಲಿಯೇ ಇರುವ ಬೀಜ

ಪರದೇಶದ ಗಿಡ ನಮ್ಮ ಮಣ್ಣಿಗೆ ಒಗ್ಗದು ಎಂಬ ಆಕ್ಷೇಪ ಬರಬಹುದು. ಆದರೆ ತಪ್ಪು ತೋರಿಸದೆ ಪರಿಹಾರ ಪಡೆಯುವ ತತ್ತ್ವ ನಮಗೆ ಹೊಸದಲ್ಲ. ೨೦೨೨ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯಿದೆಯ ೧೬೪ನೆಯ ಕಲಮಿನಲ್ಲಿ, ಚಾಲಕನ ತಪ್ಪನ್ನು ರುಜುವಾತು ಮಾಡದೆಯೇ ಸಾವಿಗೆ ೫ ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿದ್ದಾರೆ. ಹೊಸ ಔಷಧಗಳ ಪ್ರಯೋಗಕ್ಕೆ ಒಳಗಾದವರಿಗಾಗಿ ೨೦೧೯ರ ನಿಯಮಗಳಿವೆ. ಪ್ರಯೋಗದ ಕಾರಣದಿಂದ ಸಾವು ಸಂಭವಿಸಿದರೆ ೮ ಲಕ್ಷ ರೂಪಾಯಿಗಳನ್ನು ಮೂಲವಾಗಿಟ್ಟುಕೊಂಡು, ವಯಸ್ಸನ್ನೂ ರೋಗಿಯ ಸ್ಥಿತಿಯನ್ನೂ ಲೆಕ್ಕ ಹಾಕಿ ಪರಿಹಾರ ಕಟ್ಟುವ ಸೂತ್ರ ಅವುಗಳಲ್ಲಿದೆ. ಲಸಿಕೆಯ ಪ್ರಯೋಗ ನಡೆಯುವಾಗ ತೋಳು ಚಾಚಿದವನಿಗೆ ಸೂತ್ರವುಂಟು. ಆ ಪ್ರಯೋಗ ಯಶಸ್ವಿಯಾದ ಮೇಲೆ, ಸರಕಾರದ ಕರೆಗೆ ಓಗೊಟ್ಟು ಮಗುವಿನ ತೊಡೆ ಒಡ್ಡಿದ ತಾಯಿಗೆ ೨೦೨೨ರ ಪ್ರಮಾಣಪತ್ರ ತೋರಿಸಿದ್ದು ಸಿವಿಲ್ ಕೋರ್ಟು. ಈ ವೈಪರೀತ್ಯವನ್ನು ವಿಚಾರವಂತರು ಯೋಚಿಸಬೇಕು.

ಫೀಯ ಬೀಜವೂ ನಮ್ಮಲ್ಲಿದೆ. ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿದ ೩೯-ಎ ಅನುಚ್ಛೇದವು ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪಬಾರದೆಂದು ಹೇಳುತ್ತದೆ. ಅದನ್ನು ನೆರವೇರಿಸಲು ೧೯೮೭ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಾಯಿತು. ೧೯೯೫ರ ನವೆಂಬರ್ ೯ರಂದು ಜಾರಿಗೆ ಬಂತು. ಆ ಕಾಯಿದೆಯ ೧೨ನೆಯ ಕಲಮನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಉಚಿತ ಕಾನೂನು ಸೇವೆಗೆ ಅರ್ಹರಾದವರ ಪಟ್ಟಿ ಅಲ್ಲಿದೆ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು, ವಿಪತ್ತಿಗೆ ಸಿಕ್ಕಿದವರು, ಬಂಧನದಲ್ಲಿರುವವರು, ಕಡಿಮೆ ವರಮಾನದವರು. ಇವರ ಜೊತೆಗೆ "ಸ್ತ್ರೀ ಅಥವಾ ಮಗು" ಎಂದಿದೆ. ಸ್ತ್ರೀಗೆ, ಮಗುವಿಗೆ ವರಮಾನದ ಮಿತಿಯೂ ಇಲ್ಲ.

ನಮ್ಮ ಅಕ್ಕ ಸ್ತ್ರೀ. ಅವಳ ಕಂಕುಳಲ್ಲಿದ್ದುದು ಮಗು. ಆ ದಿನ ನಾವು ಮೂವತ್ತು ಪಾಲಿನ ಮಾತಿಗೆ ತಲೆದೂಗುತ್ತಿದ್ದಾಗ, ಒಂದು ಪೈಸೆ ಕೊಡದೆ ವಕೀಲರನ್ನು ಪಡೆಯುವ ಹಕ್ಕು ಅವರಿಬ್ಬರಿಗೂ ಇತ್ತು. ಆ ಹಕ್ಕನ್ನು ಕೊಡುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಬೇಕೆಂಬುದು ನಮಗೆ ತೋಚಲಿಲ್ಲ. ಹದಿನೈದು ವರ್ಷ ಓದಿದ ನನಗೇ ತಿಳಿದಿರಲಿಲ್ಲವೆಂದ ಮೇಲೆ, ಹೆಬ್ಬೆಟ್ಟೊತ್ತುವ ಭಾವನನ್ನು ದೂರಿ ಫಲವೇನು?

ಈ ಸೇವೆಯಲ್ಲಿ ವಕೀಲರ ಫೀಯಲ್ಲದೆ ಕೋರ್ಟಿನ ಶುಲ್ಕ, ಸಮನ್ಸಿನ ಖರ್ಚು, ನಕಲುಗಳ ಖರ್ಚೂ ಸೇರುತ್ತವೆ. ನೇಮಕವಾದ ವಕೀಲರು ಕಕ್ಷಿಗಾರನಿಂದ ಏನನ್ನೂ ಪಡೆಯಕೂಡದು. ಅರ್ಜಿದಾರನಿಗೆ ಮೇಲ್ನೋಟಕ್ಕೆ ಒಂದು ಪ್ರಕರಣ ಇದೆಯೆಂದು ಸಮಿತಿಗೆ ಮನವರಿಕೆಯಾದರೆ ಸಾಕೆಂದು ೧೩ನೆಯ ಕಲಮು ಹೇಳುತ್ತದೆ. ಗೆಲ್ಲುತ್ತಾನೆಂಬ ಖಾತರಿ ಬೇಡ. ಇದು ಅಮೆರಿಕದವರ "ಯುಕ್ತವಾದ ಆಧಾರ"ಕ್ಕೆ ಸೋದರ ಸಂಬಂಧಿಯೇ ಅಲ್ಲವೆ? ಇದಲ್ಲದೆ, ಕೋರ್ಟು ಶುಲ್ಕ ಕಟ್ಟಲಾರದ ನಿರ್ಗತಿಕನು ಸಿವಿಲ್ ಸಂಹಿತೆಯ ೩೩ನೆಯ ಆದೇಶದ ಪ್ರಕಾರ ಶುಲ್ಕವಿಲ್ಲದೆ ದಾವೆ ಹೂಡಬಹುದು. ಅವನಿಗೆ ವಕೀಲರಿಲ್ಲದಿದ್ದರೆ ಕೋರ್ಟೇ ಒಬ್ಬರನ್ನು ನೇಮಿಸಬಹುದು.

ಬೀಜವಿದೆ ಎಂದ ಮಾತ್ರಕ್ಕೆ ಬೆಳೆ ಬಂದಂತಾಗಲಿಲ್ಲ. ಉಚಿತ ಸೇವೆಯ ವಕೀಲರಿಗೆ ಸಿಗುವ ಗೌರವಧನ ಸ್ವಲ್ಪ. ಲಸಿಕೆಯ ಪ್ರಕರಣಕ್ಕಾದರೋ ನರರೋಗ ತಜ್ಞರ, ಮಕ್ಕಳ ತಜ್ಞರ ಅಭಿಪ್ರಾಯ ಬೇಕು. ಆಸ್ಪತ್ರೆಯ ಕಂತೆಗಟ್ಟಲೆ ಕಾಗದ ಓದಬೇಕು. ಅಷ್ಟು ದುಡಿಮೆಗೆ ತಕ್ಕ ಫಲವಿಲ್ಲದಿದ್ದರೆ ಒಳ್ಳೆಯ ವಕೀಲರ ಮನಸ್ಸೂ ಹಿಂಜರಿಯುವುದು ಸಹಜ. ಆದುದರಿಂದ ಲಸಿಕೆಯ ಹಾನಿಗೆ ಯಾವ ರೂಪದಲ್ಲಿ ಪರಿಹಾರ ಯೋಜನೆ ಬಂದರೂ ಅದರಲ್ಲಿ ನಾಲ್ಕು ಅಂಶಗಳಿರಬೇಕೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಫೀ ಪರಿಹಾರಕ್ಕೆ ಪ್ರತ್ಯೇಕವಾಗಿರಬೇಕು. ಪ್ರಾಮಾಣಿಕನಾದ ಸೋತವನಿಗೂ ಅದು ಸಲ್ಲಬೇಕು. ದುಡಿದ ಗಂಟೆಗಳ ಲೆಕ್ಕವನ್ನು ಅಧಿಕಾರಿಯೊಬ್ಬನು ಪರೀಕ್ಷಿಸಬೇಕು. ಕಕ್ಷಿಗಾರನಿಂದ ಬೇರೆ ಹಣ ಕೇಳುವುದು ನಿಷಿದ್ಧವಾಗಿರಬೇಕು.

ಸೋತವರಿಗೂ ಫೀ ಎಂದರೆ ಸುಳ್ಳು ಅರ್ಜಿಗಳು ಹೆಚ್ಚುವುದಿಲ್ಲವೆ ಎಂದು ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಕೇಳಿದರು. ಪ್ರಶ್ನೆ ನ್ಯಾಯವಾ‌ದುದೇ. ಆಧಾರವಿಲ್ಲದ ಅರ್ಜಿಗೆ ಫೀ ಇಲ್ಲವೆಂಬುದೇ ಅದಕ್ಕೆ ಬೇಲಿ. ಫೀ ಸಿಗದ ಸುಳ್ಳು ಅರ್ಜಿಯನ್ನು ಬರೆಯಲು ಯಾವ ವಕೀಲರೂ ತಮ್ಮ ಹೊತ್ತು ಕಳೆಯಲಾರರು. ಪಾಲಿನ ಪದ್ಧತಿಯಲ್ಲಾದರೆ ದೊಡ್ಡ ಮೊತ್ತದ ಆಸೆಗೆ ಅರ್ಜಿ ಹುಟ್ಟುತ್ತದೆ. ಗಂಟೆಯ ಪದ್ಧತಿಯಲ್ಲಿ ಮೊತ್ತ ಹೆಚ್ಚಾದರೂ ವಕೀಲರಿಗೆ ಲಾಭವಿಲ್ಲ.

೬. ಮುಗಿಸುವ ಮುನ್ನ

ಕಳೆದ ವರ್ಷ ಅಕ್ಕನಿಗೆ ಎರಡನೆಯ ಕೂಸಾಯಿತು. ಲಸಿಕೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅಕ್ಕ ಕೂಸನ್ನು ಎದೆಗವಚಿಕೊಂಡು ಒಳಗೇ ನಿಂತಳಂತೆ. "ಏನಾದರೂ ಆದರೆ ನಮ್ಮ ಬೆನ್ನಿಗೆ ಯಾರು ನಿಲ್ಲುತ್ತಾರೆ?" ಎಂಬುದು ಅವಳ ಪ್ರಶ್ನೆ. ಆಶಾ ಕಾರ್ಯಕರ್ತೆ ಉತ್ತರಿಸಲಿಲ್ಲ. ಪಾಪ, ಅವಳೇನು ಉತ್ತರ ಕೊಟ್ಟಾಳು? ಏನಾದರೂ ಆದರೆ ಊರಿನ ಬೈಗಳು ಮೊದಲು ತಾಗುವುದು ಅವಳಿಗೇ. ಕೊನೆಗೆ ವೈದ್ಯಾಧಿಕಾರಿಗಳು ಮೊದಲ ಮಗುವಿನ ಕಥೆಯನ್ನೆಲ್ಲ ಕೇಳಿ, ಧೈರ್ಯ ಹೇಳಿ, ತಮ್ಮ ಕಣ್ಣ ಮುಂದೆಯೇ ಸೂಜಿ ಹಾಕಿಸಿ, ಅರ್ಧ ಗಂಟೆ ಅಲ್ಲಿಯೇ ಕೂರಿಸಿಕೊಂಡರು. ಕೂಸಿಗೆ ಏನೂ ಆಗಲಿಲ್ಲ. ಆದರೆ ಅಕ್ಕನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಲಸಿಕೆ ಹಾಕಿಸಿಕೊಳ್ಳುವವನು ತನಗಾಗಿ ಮಾತ್ರ ಹಾಕಿಸಿಕೊಳ್ಳುವುದಿಲ್ಲ. ನೆರೆಮನೆಯ ಕೂಸಿಗೂ ರೋಗ ತಾಗದಂತೆ ತಡೆಯುತ್ತಾನೆ. ಊರಿನ ಹಿತಕ್ಕೆ ಮೈಯೊಡ್ಡಿದವನಿಗೆ ನೋವಾದರೆ ಊರೇ ಅವನ ಹೊರೆ ಹೊರಬೇಕು. ಆ ಹೊರೆಯಲ್ಲಿ ವಕೀಲರ ಫೀಯೂ ಒಂದು ಭಾಗ. ಪೋಲಿಯೋ ಹನಿ ಹಾಕುವವರು ತಾಂಡಾ ತಾಂಡಾಕ್ಕೆ, ಹೊಲದ ಗುಡಿಸಲಿಗೆ, ಮೈಲಾರದ ಜಾತ್ರೆಗೆ, ಕೊಟ್ಟೂರು ತೇರಿಗೆ ಬರುವುದನ್ನು ನಾವು ಕಂಡಿದ್ದೇವೆ. ಮನೆಬಾಗಿಲಿಗೆ ಔಷಧ ತಂದ ಸರಕಾರ, ಹಾನಿಯಾದಾಗ ಮನೆಬಾಗಿಲಿಗೆ ನ್ಯಾಯವನ್ನೂ ತರುವಂತಾದರೆ, ಬಾಗಿಲ ಹಿಂದೆ ಅವಿತು ನಿಲ್ಲುವ ತಾಯಂದಿರು ಕಡಿಮೆಯಾಗುತ್ತಾರೆಂದು ನನ್ನ ನಂಬಿಕೆ.

ಅಲ್ಲಿಯವರೆಗೆ ವಿದ್ಯಾರ್ಥಿಗಳಾದ ನಾವು ಮಾಡಬಹುದಾದ ಚಿಕ್ಕ ಕೆಲಸವೊಂದಿದೆ. ರಜೆಗೆ ಊರಿಗೆ ಹೋದಾಗ ಲಸಿಕೆಯ ಕಾರ್ಡನ್ನೂ ಆಸ್ಪತ್ರೆಯ ಚೀಟಿಗಳನ್ನೂ ಜೋಪಾನವಾಗಿಡುವಂತೆ ಮನೆಯವರಿಗೆ ಹೇಳೋಣ. ಲಸಿಕೆಯ ಬಳಿಕ ತೊಂದರೆ ಕಂಡರೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಅದು ಬರವಣಿಗೆಯಲ್ಲಿ ದಾಖಲಾಗುವಂತೆ ನೋಡಿಕೊಳ್ಳೋಣ. ಮುಂದೆ ಯಾವ ಕಟ್ಟೆಗೆ ಹೋದರೂ ಆ ದಾಖಲೆಯೇ ಮೊದಲ ಸಾಕ್ಷಿ. ಉಚಿತ ಕಾನೂನು ನೆರವಿನ ದೂರವಾಣಿ ಸಂಖ್ಯೆ ೧೫೧೦೦. ನಾನು ಅದನ್ನು ನಮ್ಮ ಊರಿನ ಹಾಲಿನ ಡೈರಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದು ಬಂದಿದ್ದೇನೆ. ಭಾವ ಅದನ್ನು ನೋಡಿ, "ಇದೇನು, ಬಸ್ಸಿನ ನಂಬರೇ?" ಎಂದು ಕೇಳಿದ. ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಇದನ್ನು ನಿಮ್ಮ ಅಜ್ಜನ ಕಾಲಕ್ಕೇ ಯಾರಾದರೂ ಬರೆದಿದ್ದರೆ ಎತ್ತು ಉಳಿಯುತ್ತಿದ್ದವು" ಎಂದ.